ಬಿಲ್ ಇಲ್ಲದ ಬೆಲ್ಲ

ಮಾನ್ಯ ಸಂಪಾದಕರೇ,

ಬೆಲ್ಲದ ಗಾಣಗಳು (ಆಲೆಮನೆಗಳು) ಶುರುವಾಗುವ ಹೊತ್ತಿಗೆ ಮಹಾಲಿಂಗಪುರ, ಮುಧೋಳ, ಸಂಕೇಶ್ವರದ ಪೇಟೆಗಳಲ್ಲಿ ಮೂರು ಮಾತು ತಪ್ಪದೆ ಕೇಳಿಬರುತ್ತವೆ. ‘ಕೆಂಪು ಬೆಲ್ಲವೆಲ್ಲ ಶುದ್ಧ, ಹಳದಿ ಬೆಲ್ಲವೆಲ್ಲ ಔಷಧ ಹಾಕಿದ್ದು’ ಎಂಬುದು ಒಂದು. ‘ಪ್ಯಾಕೆಟ್‌ಗೆ ಮಾತ್ರ ಕಾಯ್ದೆ, ಪೆಂಟಿ (ಅಚ್ಚಿನ ದೊಡ್ಡ ಗಟ್ಟಿ) ಬೆಲ್ಲಕ್ಕೆ ಯಾವ ಕಾಯ್ದೆಯೂ ಇಲ್ಲ’ ಎಂಬುದು ಇನ್ನೊಂದು. ‘ಸ್ಯಾಂಪಲ್ ಫೇಲಾದರೆ ಗಾಣದವನನ್ನು ಕೇಳುತ್ತಾರೆ, ಅಂಗಡಿಯವನಿಗೇನು’ ಎಂಬುದು ಮೂರನೆಯದು. ಮೂರೂ ತಪ್ಪು. ಮೊದಲನೆಯದರಿಂದ ಗಿರಾಕಿ ಮೋಸ ಹೋಗುತ್ತಾನೆ, ಎರಡನೆಯದರಿಂದ ಗಾಣದವನು ಕೆಡುತ್ತಾನೆ, ಮೂರನೆಯದರಿಂದ ಹಳ್ಳಿಯ ಕಿರಾಣಿ ಅಂಗಡಿಯವನು ತಾನು ಮಾಡದ ತಪ್ಪಿಗೆ ದಂಡ ಕಟ್ಟುತ್ತಾನೆ. ಬೆಲ್ಲವೆಂದು ಏನನ್ನು ಮಾರಬಹುದು, ಏನನ್ನು ಮಾರಬಾರದು ಎಂಬುದನ್ನು ಈ ವ್ಯಾಪಾರದಲ್ಲಿರುವ ಎಲ್ಲರೂ ಒಮ್ಮೆ ಸರಿಯಾಗಿ ತಿಳಿದುಕೊಳ್ಳಲಿ ಎಂದು ಈ ಪತ್ರ ಬರೆಯುತ್ತಿದ್ದೇವೆ.

ಮೊದಲು ಬಿಡಿ ಬೆಲ್ಲದ ಮಾತು. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ 2006ರದು. ಅದರ ಕೆಳಗಿನ ನಿಯಮಗಳು 2011ರ ಆಗಸ್ಟ್ 5ರಿಂದ ಜಾರಿಯಲ್ಲಿವೆ. ಖಾರದ ಪುಡಿ, ಅರಿಷಿಣ ಪುಡಿ ಮುಂತಾದ ಪುಡಿ ಮಸಾಲೆಯನ್ನು ಪ್ಯಾಕ್ ಮಾಡದೆ ಮಾರುವಂತಿಲ್ಲ ಎಂದು ಆ ನಿಯಮಗಳಲ್ಲಿದೆ. ರಾಜ್ಯ ಸರ್ಕಾರ ವಿನಾಯಿತಿ ಕೊಡದ ಹೊರತು ಅಡುಗೆ ಎಣ್ಣೆಯನ್ನೂ ಬಿಡಿಯಾಗಿ ಅಳೆದು ಕೊಡುವಂತಿಲ್ಲ. ಬೆಲ್ಲಕ್ಕೆ ಅಂಥ ನಿಷೇಧ ಇಲ್ಲ. ಪೆಂಟಿ ಒಡೆದು, ಗಿರಾಕಿಯ ಕಣ್ಣ ಮುಂದೆ ತೂಗಿ ಕೊಡಬಹುದು. ಆದರೆ ಬಿಡಿಯಾಗಿ ಮಾರಲು ಅನುಮತಿ ಇದೆ ಎಂದ ಮಾತ್ರಕ್ಕೆ ಗುಣಮಟ್ಟದ ನಿಯಮ ಬಿಟ್ಟುಹೋಗುವುದಿಲ್ಲ. ಪ್ಯಾಕೆಟ್‌ಗೆ ಅನ್ವಯಿಸುವ ಅಳತೆಯೇ ಪೆಂಟಿಗೂ ಬಕೆಟ್ ಬೆಲ್ಲಕ್ಕೂ ಅನ್ವಯಿಸುತ್ತದೆ.

ಆ ಅಳತೆ ಇಷ್ಟು. ಕಬ್ಬಿನ ರಸವನ್ನೋ ತಾಳೆ, ಈಚಲು, ತೆಂಗಿನ ರಸವನ್ನೋ ಕಾಯಿಸಿ ಮಾಡಿದ್ದು ಬೆಲ್ಲ. ತೇವ ಕಳೆದು ಲೆಕ್ಕ ಹಾಕಿದಾಗ ಒಟ್ಟು ಸಕ್ಕರೆ ಅಂಶ ಶೇ 90ಕ್ಕೆ ಕಡಿಮೆ ಇರಬಾರದು, ಅದರಲ್ಲಿ ಸುಕ್ರೋಸ್ (ಅಂಗಡಿಯ ಸಕ್ಕರೆಯಲ್ಲಿರುವ ಸಕ್ಕರೆ) ಶೇ 60ಕ್ಕೆ ಕಡಿಮೆ ಇರಬಾರದು. ನೀರಿನಲ್ಲಿ ಕರಗದ ಕಸಕಡ್ಡಿ ಶೇ 2 ಮೀರಬಾರದು. ಸುಟ್ಟಾಗ ಉಳಿಯುವ ಬೂದಿ ಶೇ 6, ಆ ಬೂದಿಯಲ್ಲಿ ಆಮ್ಲಕ್ಕೆ ಕರಗದ ಮಣ್ಣು ಮರಳಿನ ಅಂಶ ಶೇ 0.5 ದಾಟಬಾರದು. ದ್ರವದಂತಿರುವ ಜೋನಿ ಬೆಲ್ಲ ಬಿಟ್ಟು ಗಟ್ಟಿ ಬೆಲ್ಲದಲ್ಲಿ ತೇವ ಶೇ 10 ಮೀರಬಾರದು. ರಸ ತಿಳಿ ಮಾಡಲು ಅಡುಗೆ ಸೋಡಾ ಬಳಸಿದರೆ ಅದು ತಿನ್ನುವ ದರ್ಜೆಯದೇ ಆಗಿರಬೇಕು. ಸಲ್ಫರ್ ಡೈಆಕ್ಸೈಡ್ ಕಿಲೋಗೆ 70 ಮಿಲಿಗ್ರಾಂ, ಅಂದರೆ 70 ಪಿಪಿಎಂ ದಾಟಬಾರದು. ಕೃತಕ ಬಣ್ಣಕ್ಕೆ ಬೆಲ್ಲದಲ್ಲಿ ಅನುಮತಿಯೇ ಇಲ್ಲ. ಇಷ್ಟರಲ್ಲಿ ಎಲ್ಲಿಯೂ ‘ಬೆಲ್ಲ ಹಳದಿ ಇರಬೇಕು’ ಎಂದಿಲ್ಲ, ‘ಕೆಂಪಿರಬೇಕು’ ಎಂದೂ ಇಲ್ಲ. ಬಣ್ಣ ಕೇಳುವುದು ಲಿಲಾವಿನ (ಹರಾಜಿನ) ಕಟ್ಟೆ. ಕಾಯ್ದೆಗೆ ಬೇಕಾದದ್ದು ಬೇರೆ, ಕಟ್ಟೆಗೆ ಬೇಕಾದದ್ದು ಬೇರೆ ಆದದ್ದರಿಂದಲೇ ಹೈಡ್ರೋಸ್ ಡಬ್ಬಿ ಗಾಣದ ಮನೆ ಹೊಕ್ಕಿತು.

ಹೈಡ್ರೋಸ್ ಎಂದರೆ ಸೋಡಿಯಂ ಹೈಡ್ರೋಸಲ್ಫೈಟ್. ನೂಲಿಗೆ ಬಣ್ಣ ಹಾಕುವಲ್ಲಿ, ಬಣ್ಣ ತೆಗೆಯುವಲ್ಲಿ ಬಳಸುವ ಬಿಳಿ ಪುಡಿ. ಆಹಾರಕ್ಕೆ ಅನುಮತಿಸಿದ ಸಲ್ಫೈಟುಗಳ ಪಟ್ಟಿಯಲ್ಲಿ ಇದರ ಹೆಸರಿಲ್ಲ. ‘70 ಪಿಪಿಎಂವರೆಗೆ ಹೈಡ್ರೋಸ್ ಹಾಕಬಹುದು’ ಎಂದು ಹೇಳುವವರು ಉಳಿಕೆಯ ಮಿತಿಯನ್ನು ಹಾಕುವ ಪ್ರಮಾಣವೆಂದು ತಿಳಿದಿದ್ದಾರೆ. ಪ್ರಯೋಗಾಲಯ ಅಳೆಯುವುದು ಬೆಲ್ಲದಲ್ಲಿ ಉಳಿದ ಸಲ್ಫರ್ ಡೈಆಕ್ಸೈಡನ್ನು. ಲೆಕ್ಕ ಹಾಕಿ ನೋಡಿ. ಒಂದು ಕೊಪ್ಪರಿಗೆಯಿಂದ 100 ಕಿಲೋ ಬೆಲ್ಲ ಇಳಿಯಿತು ಎನ್ನಿ. 70 ಪಿಪಿಎಂ ಎಂದರೆ ಆ 100 ಕಿಲೋದಲ್ಲಿ ಒಟ್ಟು 7 ಗ್ರಾಂ ಮಾತ್ರ. ಶುದ್ಧ ಹೈಡ್ರೋಸ್ ತನ್ನ ತೂಕದ ಸುಮಾರು ಮುಕ್ಕಾಲು ಪಾಲು ಸಲ್ಫರ್ ಡೈಆಕ್ಸೈಡ್ ಕೊಡಬಲ್ಲದು. ಹಾಗಾಗಿ 50 ಗ್ರಾಂ ಪುಡಿ ಹಾಕಿ, ಅದೆಲ್ಲ ಒಳಗೇ ಉಳಿದರೆ ಸುಮಾರು 37 ಗ್ರಾಂ, ಅಂದರೆ 370 ಪಿಪಿಎಂ ಆಗುತ್ತದೆ. ಮಿತಿಯ ಐದು ಪಟ್ಟಿಗೂ ಹೆಚ್ಚು. ರಸ ಕಾಯುವಾಗಲೇ ಹಾಕಿದರೆ ಕುದಿಯಲ್ಲಿ ಬಹಳಷ್ಟು ಹಾರಿಹೋಗುತ್ತದೆ, ಆದರೆ ಆಗ ಬಣ್ಣವೂ ಅಷ್ಟು ಬಿಡುವುದಿಲ್ಲ. ಅದಕ್ಕೇ ಪಾಕ ಇಳಿಸುವ ಹೊತ್ತಿಗೆ ಹಾಕುತ್ತಾರೆ. ಕೊನೆಗೆ ಹಾಕಿದ್ದು ಹಾರುವುದಿಲ್ಲ, ಅಚ್ಚಿನೊಳಗೆ ಕೂತುಬಿಡುತ್ತದೆ. ಮುಷ್ಟಿಯಿಂದ ಎತ್ತಿ ಹಾಕುವ ಕೈಗೆ 7 ಗ್ರಾಂನ ಲೆಕ್ಕ ಎಲ್ಲಿ ಸಿಗಬೇಕು?

ಹೈಡ್ರೋಸ್‌ನಿಂದ ಬಂದ ಹಳದಿ ನಿಲ್ಲುವುದೂ ಇಲ್ಲ. ಅದು ಬಣ್ಣದ ಕಣವನ್ನು ತೆಗೆದುಹಾಕುವುದಿಲ್ಲ, ಸ್ವಲ್ಪ ದಿನ ಅಡಗಿಸುತ್ತದೆ ಅಷ್ಟೇ. ಗಾಳಿ ತಾಗುತ್ತ ಹೋದಂತೆ ಅದೇ ಬಣ್ಣ ತಿರುಗಿ ಬರುತ್ತದೆ. ಸಂಕ್ರಾಂತಿಗೆ ಚಿನ್ನದಂತೆ ಹೊಳೆದ ಪೆಂಟಿ ಪಂಚಮಿಯ ಉಂಡಿ ಕಟ್ಟುವ ಹೊತ್ತಿಗೆ ಮೇಲ್ಮೈಯಲ್ಲಿ ಕಪ್ಪಾಗಿರುತ್ತದೆ. ಆಗ ದೋಷ ಸಂಗ್ರಹ ಮಾಡಿದ ವ್ಯಾಪಾರಿಯ ತಲೆಗೆ. ಉಬ್ಬಸ ಇರುವವರಿಗೆ ಸಲ್ಫೈಟ್ ತಾಗಿದರೆ ಉಸಿರು ಕಟ್ಟಬಹುದು. ಇದಕ್ಕಾಗಿಯೇ 2020ರ ಲೇಬಲ್ ನಿಯಮದಲ್ಲಿ ಸಲ್ಫೈಟ್ ಕಿಲೋಗೆ 10 ಮಿಲಿಗ್ರಾಂ ಮುಟ್ಟಿದರೆ ಸಾಕು, ಪ್ಯಾಕೆಟ್ ಮೇಲೆ ‘ಸಲ್ಫೈಟ್ ಇದೆ’ ಎಂದು ಅಲರ್ಜಿ ಸೂಚನೆ ಬರೆಯಬೇಕು ಎಂದಿದೆ. ಪ್ಯಾಕೆಟ್ ಮಾಡುವವರು ಇದನ್ನು ಗಮನಿಸಬೇಕು. 40 ಪಿಪಿಎಂ ಇರುವ ಬೆಲ್ಲ ಗುಣಮಟ್ಟದಲ್ಲಿ ಪಾಸಾಗುತ್ತದೆ, ಆದರೆ ಸೂಚನೆ ಇಲ್ಲದ ಪ್ಯಾಕೆಟ್‌ನಲ್ಲಿದ್ದರೆ ಲೇಬಲ್ ದೋಷಕ್ಕೆ ಸಿಕ್ಕಿಬೀಳುತ್ತದೆ. ಅದಕ್ಕೆ ದಂಡ 3 ಲಕ್ಷ ರೂಪಾಯಿವರೆಗೆ ಇದೆ.

ಹೈಡ್ರೋಸ್ ಇಲ್ಲದೆ ನೋಡುವಂಥ ಬೆಲ್ಲ ಆಗುವುದಿಲ್ಲ ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ಬೆಲ್ಲ ಕಪ್ಪಾಗಲು ಕಾರಣಗಳಿವೆ, ಒಂದೊಂದಕ್ಕೂ ಉಪಾಯವಿದೆ. ಅರ್ಧ ಕೆಲಸ ಹೊಲದಲ್ಲೇ ಆಗಬೇಕು. ಘಟಪ್ರಭಾ, ಕೃಷ್ಣೆಯ ದಂಡೆಯಲ್ಲಿ ನೀರು ನಿಂತು ಸವಳಾದ ಎರೆ ಹೊಲದ ಕಬ್ಬಿನಲ್ಲಿ ಉಪ್ಪಿನ ಅಂಶ ಹೆಚ್ಚು. ಆ ಬೆಲ್ಲ ನಾಲಗೆಗೆ ಉಪ್ಪುಪ್ಪು, ಮಳೆಗಾಲಕ್ಕೆ ನೀರು ಬಿಡುತ್ತದೆ. ಯೂರಿಯಾ ಅತಿಯಾಗಿ ಹಾಕಿದ ಕಬ್ಬಿನ ಬೆಲ್ಲವೂ ಗಟ್ಟಿ ಕಟ್ಟುವುದಿಲ್ಲ. ಬಲಿಯದ ಕಬ್ಬು, ಬಿದ್ದ ಕಬ್ಬು, ಕಡಿದು ಎರಡು ಮೂರು ದಿನ ಬಿಸಿಲಿಗೆ ಬಿದ್ದ ಕಬ್ಬು, ಇವುಗಳಲ್ಲಿ ಸುಕ್ರೋಸ್ ಒಡೆದು ಬೇರೆ ಸಕ್ಕರೆಯಾಗುತ್ತದೆ. ಬೆಲ್ಲ ಅಂಟಂಟಾಗುತ್ತದೆ, ಕಾಯಿಸುವಾಗ ಬೇಗ ಕೆಂಪೇರುತ್ತದೆ. ಕಡಿದ 24 ಗಂಟೆಯೊಳಗೆ ಗಾಣಕ್ಕೆ ಕೊಟ್ಟರೆ ಅರ್ಧ ಬಣ್ಣ ಅಲ್ಲೇ ಉಳಿಯುತ್ತದೆ. ಸೋಗೆ, ಬೇರು, ಮಣ್ಣು ಕಳೆದು ಕೊಡಬೇಕು. ಕಬ್ಬಿನ ತುದಿಯ ಎಳೆ ಗಣಿಕೆಯನ್ನು ಬಿಟ್ಟುಬಿಡಬೇಕು.

ಇನ್ನರ್ಧ ಕೊಪ್ಪರಿಗೆಯಲ್ಲಿದೆ. ರಸವನ್ನು ಬಟ್ಟೆಯಲ್ಲಿ ಶೋಧಿಸಿ, ತೊಟ್ಟಿಯಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ, ತಳದ ರಾಡಿ ಬಿಟ್ಟು ಮೇಲಿನದನ್ನು ತೆಗೆದುಕೊಳ್ಳಬೇಕು. ಆದರೆ ಗಂಟೆಗಟ್ಟಲೆ ನಿಲ್ಲಿಸಿದರೆ ಹುಳಿಯುತ್ತದೆ. ಉರಿ ಕೊಟ್ಟು 80–85 ಡಿಗ್ರಿ ಮುಟ್ಟುವಾಗ ಮೊದಲ ಕಲ್ಮಶ ದಪ್ಪಗೆ ಕಟ್ಟಿ ಮೇಲೆ ಬರುತ್ತದೆ. ಭರ್ರೆಂದು ಕುದಿಯಲು ಬಿಟ್ಟರೆ ಆ ಕಲ್ಮಶ ಒಡೆದು ರಸದೊಳಗೇ ಸೇರಿಹೋಗುತ್ತದೆ, ಆಮೇಲೆ ಯಾವ ಔಷಧ ಹಾಕಿದರೂ ಅದು ಬರುವುದಿಲ್ಲ. ಉರಿ ತಗ್ಗಿಸಿ ಆ ಪದರವನ್ನು ಪೂರಾ ತೆಗೆಯಬೇಕು. ಬೆಂಡಿ ಗಿಡದ ಕಾಂಡವನ್ನು ಜಜ್ಜಿ ನೀರಿನಲ್ಲಿ ನೆನೆಹಾಕಿ, ಕೈಯಿಂದ ತಿಕ್ಕಿ ತೆಗೆದ ಲೋಳೆಯನ್ನು ಈ ಹೊತ್ತಿನಲ್ಲಿ ಹಾಕಿದರೆ ಉಳಿದ ಕಲ್ಮಶವೂ ಅದಕ್ಕೆ ಅಂಟಿ ಮೇಲೆ ತೇಲುತ್ತದೆ. ನಮ್ಮ ಹಿರಿಯರು ಮಾಡುತ್ತಿದ್ದದ್ದೂ ಇದೇ, ಸಂಶೋಧನಾ ಕೇಂದ್ರಗಳು ಹೇಳುತ್ತಿರುವುದೂ ಇದೇ.

ಸುಣ್ಣದ ತಿಳಿಯಲ್ಲಿ ಎಡವುವವರು ಬಹಳ. ತಾಜಾ ರಸದ ಪಿಎಚ್ (ಹುಳಿಯ ಅಳತೆ, ಅಂಕಿ ಏರಿದಷ್ಟೂ ಹುಳಿ ಕಡಿಮೆ) ಐದಕ್ಕಿಂತ ಸ್ವಲ್ಪ ಮೇಲೆ ಇರುತ್ತದೆ. ಅದನ್ನು 6ರಿಂದ 6.5ರವರೆಗೆ ಏರಿಸಲು ಸುಣ್ಣ ಬೇಕು, ಅಷ್ಟೇ. ಪಿಎಚ್ ಕಾಗದದ ಪಟ್ಟಿ ಕೆಲವೇ ರೂಪಾಯಿಗೆ ಸಿಗುತ್ತದೆ, ಅದ್ದಿ ನೋಡಬೇಕು. ಏಳು ದಾಟಿತೆಂದರೆ ಬೆಲ್ಲ ಕಪ್ಪಾಗುತ್ತದೆ, ಮೆತ್ತಗಾಗುತ್ತದೆ. ಆ ಕಪ್ಪನ್ನು ಮುಚ್ಚಲು ಮತ್ತೆ ಹೈಡ್ರೋಸ್! ಸುಣ್ಣ ಹೆಚ್ಚಾದ ತಪ್ಪಿಗೆ ಹೈಡ್ರೋಸ್ ಹಾಕುವುದು ಒಂದು ತಪ್ಪನ್ನು ಇನ್ನೊಂದರಿಂದ ಮುಚ್ಚಿದಂತೆ. ಕೆಲವರು ಹೊಲಕ್ಕೆ ಹಾಕುವ ಸೂಪರ್ ಫಾಸ್ಫೇಟನ್ನೇ ರಸಕ್ಕೆ ಸುರಿಯುತ್ತಾರೆ. ಅದು ಕಲ್ಲಿನಿಂದ ಮಾಡಿದ ಗೊಬ್ಬರ, ಅದರಲ್ಲಿ ಫ್ಲೋರೈಡ್ ಮತ್ತು ಕ್ಯಾಡ್ಮಿಯಂನಂಥ ಲೋಹ ಇರುತ್ತವೆ. ಗೊಬ್ಬರದ ಚೀಲ ಗಾಣದ ಮನೆಯ ಹೊಸ್ತಿಲು ದಾಟಬಾರದು.

ಕಬ್ಬಿಣದ ಕೊಪ್ಪರಿಗೆಯ ತುಕ್ಕು ರಸದಲ್ಲಿರುವ ಒಗರಿನ ಅಂಶದ ಜತೆ ಸೇರಿದರೆ ಬೆಲ್ಲಕ್ಕೆ ಮಸಿ ಬಣ್ಣ ಬರುತ್ತದೆ. ಹಿಂದಿನ ದಿನದ ಕೊಪ್ಪರಿಗೆಯನ್ನು ತೊಳೆಯದೆ ಬಿಟ್ಟರೆ ಬೆಳಗಿನ ಮೊದಲ ಪಾಕ ಕಪ್ಪಾಗುವುದು ಇದೇ ಕಾರಣಕ್ಕೆ. ಸ್ಟೇನ್‌ಲೆಸ್ ಸ್ಟೀಲಿನ ಕೊಪ್ಪರಿಗೆ ದುಬಾರಿ, ನಿಜ. ಆದರೆ ಕಿರು ಆಹಾರ ಸಂಸ್ಕರಣಾ ಘಟಕಗಳ ಯೋಜನೆಯಲ್ಲಿ ಕೇಂದ್ರದ ಶೇ 35 ಸಹಾಯಧನದ ಮೇಲೆ ರಾಜ್ಯ ಸರ್ಕಾರ ಶೇ 15 ಸೇರಿಸಿದೆ, ಒಟ್ಟು 15 ಲಕ್ಷ ರೂಪಾಯಿವರೆಗೆ. ಅದು ಬ್ಯಾಂಕ್ ಸಾಲಕ್ಕೆ ಜೋಡಿಸಿದ ಸಹಾಯಧನ ಎಂಬುದನ್ನು ಮರೆಯಬಾರದು.

ಪಾಕ ಇಳಿಸುವ ಹದ 118 ಡಿಗ್ರಿ ಎಂದು ಪುಸ್ತಕದಲ್ಲಿ ಇರುತ್ತದೆ. ಅದು ನೀರು 100 ಡಿಗ್ರಿಗೆ ಕುದಿಯುವ ಸಮುದ್ರ ಮಟ್ಟದ ಲೆಕ್ಕ. ಬೆಳಗಾವಿ ಸುಮಾರು 750 ಮೀಟರ್ ಎತ್ತರದಲ್ಲಿದೆ, ಅಲ್ಲಿ ನೀರು 97–98 ಡಿಗ್ರಿಗೇ ಕುದಿಯುತ್ತದೆ. ಥರ್ಮಾಮೀಟರ್ ನೋಡಿ 118ಕ್ಕೆ ಕಾಯುತ್ತ ಕೂತರೆ ಪಾಕ ಹದ ಮೀರಿ ಕೆಂಪಾಗಿರುತ್ತದೆ. ಮೊದಲು ಕುದಿಯುವ ನೀರಿನಲ್ಲಿ ಥರ್ಮಾಮೀಟರ್ ಅದ್ದಿ, ಅದು ತೋರಿಸಿದ ಅಂಕಿಗೆ 18 ಕೂಡಿಸಿ ಇಳಿಸಬೇಕು. ಥರ್ಮಾಮೀಟರ್ ಇಲ್ಲದವರಿಗೆ ಹಳೆಯ ಪರೀಕ್ಷೆ ಇದ್ದೇ ಇದೆ: ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉರುಳಿಸಿದರೆ ಗಟ್ಟಿ ಉಂಡೆ ಆಗಬೇಕು. ಬೇಗ ಇಳಿಸಿದರೆ ತೇವ ಶೇ 10 ದಾಟುತ್ತದೆ. ಅಂಥ ಬೆಲ್ಲ ಬೇರೇನೂ ಕೆಟ್ಟದ್ದು ಇಲ್ಲದಿದ್ದರೂ ಕಾಯ್ದೆಯ ಲೆಕ್ಕದಲ್ಲಿ ಕಳಪೆಯೇ.

ಇಷ್ಟೆಲ್ಲ ಮಾಡಿದ ಬೆಲ್ಲ ಜೇನು ಬಣ್ಣಕ್ಕೆ, ಹೊಂಬಣ್ಣಕ್ಕೆ ಬರುತ್ತದೆ. ಕಬ್ಬಿನ ತಳಿ ಮತ್ತು ಹೊಲ ಒಳ್ಳೆಯದಿದ್ದರೆ ಹಳದಿಯೇ ಬಂದರೂ ಆಶ್ಚರ್ಯವಿಲ್ಲ. ಹಾಗೆಯೇ ಕಪ್ಪು ಬೆಲ್ಲವೆಲ್ಲ ಶುದ್ಧವಲ್ಲ: ಹೊತ್ತಿಸಿದ್ದೂ ಕಪ್ಪು, ಸುಣ್ಣ ಹೆಚ್ಚಾದದ್ದೂ ಕಪ್ಪು, ತುಕ್ಕು ಹಿಡಿದ ಕೊಪ್ಪರಿಗೆಯದ್ದೂ ಕಪ್ಪು, ಹೈಡ್ರೋಸ್ ಹಾಕಿ ಆರು ತಿಂಗಳು ಇಟ್ಟದ್ದೂ ಕಪ್ಪು. ಈಗ ‘ಕಪ್ಪು ಬೆಲ್ಲ ಆರೋಗ್ಯಕ್ಕೆ ಒಳ್ಳೆಯದು’ ಎಂದು ಊರಲ್ಲಿ ಗಿರಾಕಿ ಹುಟ್ಟಿದ ಮೇಲೆ ಬೇಕೆಂದೇ ಬಣ್ಣ ಕಟ್ಟಿಸುವುದೂ ಶುರುವಾಗಬಹುದು. ಯಾವ ಬಣ್ಣಕ್ಕಾಗಲಿ, ಬಣ್ಣ ಬೆರೆಸುವುದು ನಿಷಿದ್ಧ.

ಇದಕ್ಕಿಂತ ಹೆಚ್ಚು ಸದ್ದಿಲ್ಲದೆ ನಡೆಯುವುದು ಸಕ್ಕರೆಯ ಬೆರಕೆ. ರಸಕ್ಕೆ ಅಗ್ಗದ ಸಕ್ಕರೆ ಸುರಿದು ಕಾಯಿಸಿದರೆ ಇಳುವರಿಯೂ ಹೆಚ್ಚು, ಬಣ್ಣವೂ ಬಿಳಿಚು. ಪ್ರಯೋಗಾಲಯದಲ್ಲಿ ಇದು ಸುಲಭವಾಗಿ ಸಿಕ್ಕುವುದಿಲ್ಲ, ಏಕೆಂದರೆ ನಿಯಮದಲ್ಲಿ ಸುಕ್ರೋಸ್‌ಗೆ ಕೆಳಮಿತಿ ಮಾತ್ರ ಇದೆ, ಮೇಲ್ಮಿತಿ ಇಲ್ಲ. ಅಂಕಿಗಳೆಲ್ಲ ಪಾಸಾಗುತ್ತವೆ. ಆದರೆ ಬೆಲ್ಲ ಎಂದರೆ ರಸ ಕಾಯಿಸಿ ಮಾಡಿದ್ದು ಎಂಬ ವ್ಯಾಖ್ಯೆಯಲ್ಲೇ ಇದು ಫೇಲಾಗುತ್ತದೆ. ಕರಗಿಸಿದ ಸಕ್ಕರೆಯನ್ನು ಬೆಲ್ಲವೆಂದು ಮಾರುವುದು ಅಪರಾಧ. ಗುರುತು ಪ್ರಯೋಗಾಲಯದಲ್ಲಿಲ್ಲ, ಗಾಣದಲ್ಲಿದೆ: ಕಬ್ಬಿಲ್ಲದ ಆಷಾಢದಲ್ಲಿ ಹೊಗೆಯಾಡುವ ಗಾಣ, ಹಿತ್ತಲಲ್ಲಿ ಖಾಲಿ ಸಕ್ಕರೆ ಚೀಲ, ಸಿಪ್ಪೆಯ ರಾಶಿ ಸಣ್ಣದು ಬೆಲ್ಲದ ರಾಶಿ ದೊಡ್ಡದು. ಒಂದು ಟನ್ ಕಬ್ಬಿಗೆ 100ರಿಂದ 120 ಕಿಲೋ ಬೆಲ್ಲ ಬರುತ್ತದೆ. ಇದಕ್ಕಿಂತ ಬಹಳ ಹೆಚ್ಚು ಇಳಿಯಿತೆಂದರೆ ಆ ಬೆಲ್ಲ ಕಬ್ಬಿನಿಂದ ಮಾತ್ರ ಬಂದದ್ದಲ್ಲ.

ಈಗ ಬಿಲ್ಲಿನ ವಿಷಯಕ್ಕೆ ಬರುತ್ತೇವೆ. ಈ ಪತ್ರ ಬರೆಯಲು ಮುಖ್ಯ ಕಾರಣವೇ ಅದು.

ಕಾಯ್ದೆಯ 26ನೇ ಕಲಮಿನ 4ನೇ ಉಪಕಲಮಿನ ಪ್ರಕಾರ, ಆಹಾರ ವ್ಯಾಪಾರಿ ಇನ್ನೊಬ್ಬ ಮಾರಾಟಗಾರನಿಗೆ ಮಾಲು ಕೊಡುವಾಗ ಅದರ ಗುಣಮಟ್ಟದ ಬಗ್ಗೆ ಲಿಖಿತ ಖಾತರಿ ಕೊಡಲೇಬೇಕು. ಬಿಲ್, ಕ್ಯಾಶ್ ಮೆಮೊ, ಇನ್‌ವಾಯ್ಸ್ ಇವನ್ನೇ ಆ ಖಾತರಿ ಎಂದು ಪರಿಗಣಿಸಲಾಗುತ್ತದೆ. ಅಂದರೆ ಬಿಲ್ ಎಂಬುದು ತೆರಿಗೆ ಲೆಕ್ಕದ ಚೀಟಿ ಮಾತ್ರವಲ್ಲ, ‘ಈ ಮಾಲಿಗೆ ನಾನು ಜವಾಬ್ದಾರ’ ಎಂದು ಕೊಟ್ಟವನು ಬರೆದುಕೊಟ್ಟ ಕಾಗದ. 27ನೇ ಕಲಮು ಮಾರಾಟಗಾರ ಯಾವಾಗ ಹೊಣೆಗಾರ ಎಂಬುದನ್ನು ಹೇಳುತ್ತದೆ. ಅವಧಿ ಮೀರಿದ್ದನ್ನು ಮಾರಿದರೆ, ಕೊಳಕು ಜಾಗದಲ್ಲಿ ಇಟ್ಟರೆ, ತಪ್ಪು ಲೇಬಲ್ ಇದ್ದರೆ, ಅಸುರಕ್ಷಿತ ಎಂದು ಗೊತ್ತಿದ್ದೂ ಪಡೆದಿದ್ದರೆ. ಇವುಗಳ ಸಾಲಿನಲ್ಲೇ ಇನ್ನೊಂದಿದೆ: ಮಾಲು ಯಾರು ತಯಾರಿಸಿದ್ದು, ಯಾರಿಂದ ಬಂದದ್ದು ಎಂದು ತೋರಿಸಲಾಗದಿದ್ದರೆ. ನಮ್ಮ ಹಳ್ಳಿ ಅಂಗಡಿಗಳ ಬೆಲ್ಲದ ಪರಿಸ್ಥಿತಿ ಇದೇ. ಟೆಂಪೊದಲ್ಲಿ ಬಂದವನು ಇಪ್ಪತ್ತು ಪೆಂಟಿ ಇಳಿಸಿ, ಬಿಳಿ ಚೀಟಿಯಲ್ಲಿ ತೂಕ ಮತ್ತು ಮೊತ್ತ ಬರೆದುಕೊಟ್ಟು ಹೋಗುತ್ತಾನೆ. ಚೀಟಿಯಲ್ಲಿ ಹೆಸರಿಲ್ಲ, ಊರಿಲ್ಲ, ಲೈಸೆನ್ಸ್ ನಂಬರ್ ಇಲ್ಲ. ಆರು ವಾರದ ಮೇಲೆ ಅಧಿಕಾರಿ ಬಂದು ಸ್ಯಾಂಪಲ್ ತೆಗೆದರೆ, ಆ ಬೆಲ್ಲಕ್ಕೆ ತಂದೆ ತಾಯಿ ಎಲ್ಲ ಅಂಗಡಿಯವನೇ. ಕಳಪೆ ಎಂದು ಸಾಬೀತಾದರೆ 5 ಲಕ್ಷ ರೂಪಾಯಿವರೆಗೆ ದಂಡ ಹಾಕಲು ಅವಕಾಶವಿದೆ. ಅಸುರಕ್ಷಿತ ಮಾಲು ತಿಂದವರು ಸತ್ತರೆ ಏಳು ವರ್ಷಕ್ಕೆ ಕಡಿಮೆ ಇಲ್ಲದ ಜೈಲು.

ಹಾಗಾಗಿ ಅಂಗಡಿಯವರಲ್ಲಿ ನಮ್ಮ ಕಳಕಳಿಯ ಮಾತು ಇಷ್ಟೇ: ಬಿಲ್ ಇಲ್ಲದ ಬೆಲ್ಲ ಇಳಿಸಿಕೊಳ್ಳಬೇಡಿ. ಬಿಲ್ಲಿನಲ್ಲಿ ಮಾರಿದವನ ಹೆಸರು, ಊರು, ದಿನಾಂಕ, ಪೆಂಟಿಗಳ ಸಂಖ್ಯೆ, ತೂಕ, ಲಾಟ್ ನಂಬರ್, 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್ ಇರಲಿ. ಈ ನಂಬರನ್ನು ಬಿಲ್ ಮೇಲೆ ಹಾಕುವುದು 2022ರ ಜನವರಿಯಿಂದ ಕಡ್ಡಾಯ, ಕೇಳಲು ಹಿಂಜರಿಯಬೇಕಾಗಿಲ್ಲ. ಬೇರೆ ಬೇರೆ ಬಿಲ್ಲಿನ ಪೆಂಟಿಗಳನ್ನು ಒಂದೇ ರಾಶಿಗೆ ಹಾಕಬೇಡಿ. ಹಾಕಿದರೆ ಬಿಲ್ ಇದ್ದೂ ಉಪಯೋಗವಿಲ್ಲ, ಯಾವ ಪೆಂಟಿ ಯಾವ ಬಿಲ್ಲಿನದು ಎಂದು ತೋರಿಸಲು ಆಗುವುದಿಲ್ಲ. ಪೆಂಟಿಯ ಬಟ್ಟೆಗೋ ಚೀಲಕ್ಕೋ ಒಂದು ಚೀಟಿ ಕಟ್ಟಿ ಬಿಲ್ ನಂಬರ್ ಬರೆದಿಟ್ಟರೆ ಸಾಕು, ಐದು ನಿಮಿಷದ ಕೆಲಸ. ಅಮೀನಗಡ, ಗೋಕಾಕದ ಕರದಂಟು ಮಾಡುವವರಿಗೂ, ಮನೆಯಲ್ಲಿ ಶೇಂಗಾ ಹೋಳಿಗೆ ಮಾಡಿ ಮಾರುವ ಅಕ್ಕಂದಿರಿಗೂ ಇದೇ ಮಾತು. ನಿಮ್ಮ ಕರದಂಟಿನಲ್ಲಿ ಸಲ್ಫೈಟ್ ಸಿಕ್ಕರೆ ಅದು ಬೆಲ್ಲದಿಂದ ಬಂದದ್ದು ಎಂದು ತೋರಿಸಲು ನಿಮ್ಮ ಕೈಯಲ್ಲಿರುವುದು ಆ ಬಿಲ್ ಒಂದೇ.

ಲಿಲಾವಿನಲ್ಲಿ ರೈತನಿಗೆ ದಲಾಲಿ ಅಂಗಡಿಯಿಂದ ಸಿಗುವ ಪಟ್ಟಿಯಲ್ಲಿ ಈಗಲೂ ಲಾಟು, ತೂಕ, ದರ ಇರುತ್ತದೆ. ಅದರಲ್ಲಿ ಎರಡು ಅಂಕಣ ಹೆಚ್ಚು ಮಾಡಿದರೆ ಸಾಕು: ಬೆಲ್ಲ ಕಾಯಿಸಿದ ಗಾಣದ ಎಫ್‌ಎಸ್‌ಎಸ್‌ಎಐ ನಂಬರ್, ಮತ್ತು ಹೈಡ್ರೋಸ್ ಬಳಸಿಲ್ಲ ಎಂದು ತಯಾರಿಸಿದವನ ಸಹಿ. ಖರೀದಿದಾರ ಮುಂದೆ ಕೊಡುವ ಬಿಲ್ಲಿಗೆ ಅದೇ ನಂಬರ್ ಹತ್ತಬೇಕು. ಎಪಿಎಂಸಿಯವರು ಬಣ್ಣದ ಮೇಲೆ ಕೂಗುವ ದರದ ಜತೆ, ಸಹಿ ಇರುವ ಲಾಟಿಗೆ ಬೇರೆ ಕಟ್ಟೆ ಮಾಡಿ ಲಿಲಾವು ನಡೆಸಿದರೆ ಗಾಣದವನಿಗೂ ಒಂದು ದಾರಿ ಸಿಕ್ಕೀತು. ಇಂದು ಬಿಳಿಚು ಬೆಲ್ಲಕ್ಕೆ ಹೆಚ್ಚು ದರ ಕೂಗಿ, ನಾಳೆ ಅದೇ ಬೆಲ್ಲಕ್ಕೆ ದಂಡ ಹಾಕುವುದು ನ್ಯಾಯವಲ್ಲ.

ಗಾಣದವರು ‘ನಾವು ರೈತರು, ನಮಗೆ ಲೈಸೆನ್ಸ್ ಯಾಕೆ’ ಎಂದು ಕೇಳುವುದುಂಟು. ಹೊಲದಲ್ಲಿ ಬೆಳೆದ ಕಬ್ಬಿಗೆ ಈ ಕಾಯ್ದೆ ತಾಗುವುದಿಲ್ಲ, ಸರಿ. ಆದರೆ ಹತ್ತಾರು ಜನರ ಕಬ್ಬನ್ನು ಬಾಡಿಗೆಗೆ ಅರೆದು ಕಾಯಿಸಿ ಪೇಟೆಗೆ ಕಳಿಸುವ ಗಾಣ ಆಹಾರ ತಯಾರಿಕೆಯೇ. 2011ರ ಪರವಾನಗಿ ನಿಯಮದಲ್ಲಿ ವರ್ಷದ ವಹಿವಾಟು 12 ಲಕ್ಷ ರೂಪಾಯಿ, ದಿನದ ತಯಾರಿಕೆ 100 ಕಿಲೋ ಮೀರದ ಸಣ್ಣವರಿಗೆ ವರ್ಷಕ್ಕೆ 100 ರೂಪಾಯಿ ಶುಲ್ಕದ ನೋಂದಣಿ ಸಾಕು, ಅದಕ್ಕಿಂತ ದೊಡ್ಡವರು ಲೈಸೆನ್ಸ್ ಪಡೆಯಬೇಕು ಎಂದಿತ್ತು. ಕ್ವಿಂಟಲ್‌ಗೆ 4,000 ರೂಪಾಯಿ ಎಂದು ಹಿಡಿದರೆ 12 ಲಕ್ಷಕ್ಕೆ ಬರುವುದು 30 ಟನ್ ಬೆಲ್ಲ. ದಿನಕ್ಕೆ ಒಂದು ಟನ್ ಇಳಿಸುವ ಗಾಣ ಒಂದೇ ತಿಂಗಳಲ್ಲಿ ಆ ಗೆರೆ ದಾಟುತ್ತಿತ್ತು. ಈಗ ಜಾರಿಯಲ್ಲಿರುವ ಮಿತಿ ದಾಟಿಯೂ ಬರಿ ನೋಂದಣಿ ತೋರಿಸುವುದು ಲೈಸೆನ್ಸ್ ಇಲ್ಲದೆ ನಡೆಸಿದಂತೆಯೇ.

ಒಂದು ಕಿಲೋ, ಅರ್ಧ ಕಿಲೋ ಪ್ಯಾಕೆಟ್ ಮಾಡುವವರು ತೂಕ ಮತ್ತು ಅಳತೆ ಇಲಾಖೆಯ ನಿಯಮವನ್ನೂ ಪಾಲಿಸಬೇಕು. ತಯಾರಕರ ಹೆಸರು ವಿಳಾಸ, ಮಾಲಿನ ಹೆಸರು, ಹೊದಿಕೆ ಬಿಟ್ಟು ನಿವ್ವಳ ತೂಕ, ತಯಾರಿಸಿದ ತಿಂಗಳು, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ದೂರು ಹೇಳಲು ಫೋನ್ ನಂಬರ್. ಇದರ ಮೇಲೆ ಹಸಿರು ಚುಕ್ಕೆ, ಬ್ಯಾಚ್ ನಂಬರ್, ಬಳಸಬೇಕಾದ ಕೊನೆಯ ದಿನಾಂಕ. ‘ಲೇಬಲ್ ಹಚ್ಚಿದರೆ ಜಿಎಸ್‌ಟಿ ಬೀಳುತ್ತದೆ’ ಎಂದು ಹೆದರಿ ಬರಿ ಪ್ಲಾಸ್ಟಿಕ್‌ನಲ್ಲಿ ಕಟ್ಟಿ ಮಾರುವವರಿದ್ದಾರೆ. ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಬೆಲ್ಲಕ್ಕೆ 2022ರ ಜುಲೈ 18ರಿಂದ ಶೇ 5 ತೆರಿಗೆ ಬಂದದ್ದು ನಿಜ. ಆದರೆ ಬರಿ ಸರಕು ಮಾರುವ, ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟು ದಾಟದ, ಊರಲ್ಲೇ ಮಾರುವ ಸಣ್ಣ ವ್ಯಾಪಾರಿಗೆ ನೋಂದಣಿಯೇ ಬೇಕಿಲ್ಲ. ತೆರಿಗೆಗೆ ಹೆದರಿ ಲೇಬಲ್ ಬಿಟ್ಟವನು ಮೂರು ಲಕ್ಷದ ದಂಡಕ್ಕೆ ಬಾಗಿಲು ತೆರೆದಿಡುತ್ತಾನೆ. ತುಂಡು ಬೆಲ್ಲವನ್ನು ಹಳೆ ಪತ್ರಿಕೆಯಲ್ಲಿ ಕಟ್ಟಿ ಕೊಡುವುದಕ್ಕೂ ನಿಷೇಧ ಇದೆ. ಶಾಯಿ ತೇವದ ಬೆಲ್ಲಕ್ಕೆ ಬೇಗ ಹತ್ತುತ್ತದೆ.

ಹೆಸರಿನಲ್ಲೂ ಕಾಯ್ದೆ ಇದೆ. ಕೊಲ್ಹಾಪುರದ ಬೆಲ್ಲಕ್ಕೆ 2014ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದೆ. ನಮ್ಮ ಜಿಲ್ಲೆಗಳ ಗಾಣದ ಬೆಲ್ಲಕ್ಕೆ ‘ಕೊಲ್ಹಾಪುರಿ’ ಚೀಟಿ ಹಚ್ಚಿ ಮಾರಿದರೆ 1999ರ ಭೌಗೋಳಿಕ ಗುರುತಿನ ಕಾಯ್ದೆಯಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಇದೆ. ಮಹಾಲಿಂಗಪುರದ ಹೆಸರೇ ಪೇಟೆಯಲ್ಲಿ ನಡೆಯುತ್ತಿರುವಾಗ ಬೇರೆಯವರ ಹೆಸರು ಯಾಕೆ ಬೇಕು? ‘ಸಾವಯವ’ ಎಂಬ ಪದವೂ ಬೇಕಾದವರೆಲ್ಲ ಹಚ್ಚಿಕೊಳ್ಳುವಂಥದ್ದಲ್ಲ. ಪ್ರಮಾಣಪತ್ರ ಇದ್ದರೆ ಮಾತ್ರ ಬರೆಯಬಹುದು. 12 ಲಕ್ಷದೊಳಗಿನ ವಹಿವಾಟಿನ ಸಣ್ಣ ರೈತ ತಾನೇ ನೇರವಾಗಿ ತಿನ್ನುವವರಿಗೆ ಮಾರುವುದಾದರೆ ಪ್ರಮಾಣಪತ್ರದಿಂದ ವಿನಾಯಿತಿ ಇದೆ, ಆದರೆ ಸಾವಯವ ಆಹಾರದ ಸರ್ಕಾರಿ ಗುರುತಾದ ಜೈವಿಕ್ ಭಾರತ್ ಚಿಹ್ನೆ ಬಳಸುವಂತಿಲ್ಲ. ಅದೇ ಬೆಲ್ಲ ಅಂಗಡಿಗೆ ಹೋದರೆ ಆ ವಿನಾಯಿತಿಯೂ ಹೋಯಿತು. ಹೈಡ್ರೋಸ್ ಹಾಕಿಲ್ಲ ಎಂದರೆ ಸಾವಯವ ಆಗುವುದಿಲ್ಲ ಎಂಬುದನ್ನೂ ಹೇಳಬೇಕು. ಸಾವಯವ ಶುರುವಾಗುವುದು ಹೊಲದಿಂದ.

ಗಿರಾಕಿಗಳು ಮನೆಯಲ್ಲಿ ಮಾಡುವ ಪರೀಕ್ಷೆಗಳ ಬಗ್ಗೆ ಎರಡು ಮಾತು. ಗಾಜಿನ ಲೋಟದ ನೀರಿನಲ್ಲಿ ಬೆಲ್ಲ ಕರಗಿಸಿ ಬಿಟ್ಟರೆ ಮಣ್ಣು, ಸುಣ್ಣದ ಪುಡಿ ತಳಕ್ಕೆ ಕೂರುತ್ತದೆ. ಇದು ನಂಬಬಹುದಾದ ಪರೀಕ್ಷೆ. ಆಮ್ಲದ ಹನಿ ಹಾಕಿ ನೊರೆ ಬಂದರೆ ‘ವಾಷಿಂಗ್ ಸೋಡಾ’ ಎಂದು ಕೂಗಬಾರದು, ಅನುಮತಿ ಇರುವ ಅಡುಗೆ ಸೋಡಾದ ಉಳಿಕೆಯೂ ನೊರೆ ಬರಿಸೀತು. ಹೈಡ್ರೋಸ್ ಇದೆಯೋ ಇಲ್ಲವೋ ಎಂದು ಬಣ್ಣದಿಂದಾಗಲಿ ರುಚಿಯಿಂದಾಗಲಿ ಖಚಿತವಾಗಿ ಹೇಳಲಾಗದು. ಪ್ರಯೋಗಾಲಯದಲ್ಲಿ ಬೆಲ್ಲವನ್ನು ಆಮ್ಲದಲ್ಲಿ ಕುದಿಸಿ, ಹೊರಬಂದ ಅನಿಲವನ್ನು ಹಿಡಿದು ಅಳೆಯುತ್ತಾರೆ. ಅದೇ ದಾರಿ. ಆ ದಾರಿ ಸಾಮಾನ್ಯ ಗಿರಾಕಿಗೂ ತೆರೆದಿದೆ. ಕಾಯ್ದೆಯ 40ನೇ ಕಲಮಿನ ಪ್ರಕಾರ ಯಾರು ಬೇಕಾದರೂ ಶುಲ್ಕ ಕಟ್ಟಿ, ತಾವು ಕೊಂಡ ಪದಾರ್ಥವನ್ನು ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಆದರೆ ಕೊಳ್ಳುವಾಗಲೇ ಅಂಗಡಿಯವರಿಗೆ ಆ ವಿಷಯ ತಿಳಿಸಿರಬೇಕು. ದೋಷ ಸಿಕ್ಕರೆ ಶುಲ್ಕ ವಾಪಸು. ನಮ್ಮ ಭಾಗಕ್ಕೆ ಬೆಳಗಾವಿಯಲ್ಲೇ ವಿಭಾಗೀಯ ಆಹಾರ ಪ್ರಯೋಗಾಲಯ ಇದೆ.

ಅಧಿಕಾರಿ ಅಂಗಡಿಗೆ ಬಂದು ಸ್ಯಾಂಪಲ್ ತೆಗೆದಾಗ ಅಂಗಡಿಯವರು ಗಾಬರಿಯಾಗಿ ಎಲ್ಲಿ ಬೇಕಾದಲ್ಲಿ ಸಹಿ ಹಾಕುತ್ತಾರೆ. ಸ್ಯಾಂಪಲನ್ನು ನಾಲ್ಕು ಭಾಗ ಮಾಡಿ ಮೊಹರು ಮಾಡಬೇಕು. ಒಂದು ವಿಶ್ಲೇಷಕರಿಗೆ, ಎರಡು ಅಂಕಿತ ಅಧಿಕಾರಿಗೆ (ಆಹಾರ ಸುರಕ್ಷತೆಯ ಜಿಲ್ಲಾ ಅಧಿಕಾರಿಗೆ) ಹೋಗುತ್ತವೆ. ನಾಲ್ಕನೆಯದನ್ನು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳಿಸಿ ಎಂದು ಕೇಳುವ ಹಕ್ಕು ಅಂಗಡಿಯವನಿಗಿದೆ, ಅದರ ಖರ್ಚು ಅವನದೇ. ಅಲ್ಲೇ, ಆಗಲೇ ಬರವಣಿಗೆಯಲ್ಲಿ ಕೇಳಬೇಕು. ವಿಶ್ಲೇಷಕರ ವರದಿ 14 ದಿನದೊಳಗೆ ಬರಬೇಕು. ಒಪ್ಪಿಗೆ ಇಲ್ಲದಿದ್ದರೆ ವರದಿ ಕೈಗೆ ಸಿಕ್ಕ 30 ದಿನದೊಳಗೆ ಅಂಕಿತ ಅಧಿಕಾರಿಗೆ ಮೇಲ್ಮನವಿ ಹಾಕಬೇಕು. ದಿನ ದಾಟಿದರೆ ಆ ಅವಕಾಶ ಮುಗಿಯಿತು. ಬಹಳ ಜನ ವರದಿಯ ಲಕೋಟೆಯನ್ನು ಒಡೆಯದೆ ಕ್ಯಾಶ್ ಡಬ್ಬಿಯ ಕೆಳಗೆ ಇಟ್ಟು ಆ ಮೂವತ್ತು ದಿನ ಕಳೆದುಕೊಳ್ಳುತ್ತಾರೆ. ಬಂದ ದಿನವೇ ಲಕೋಟೆಯ ಮೇಲೆ ತಾರೀಖು ಬರೆದು, ಬೆಲ್ಲ ಕೊಟ್ಟವನ ಬಿಲ್ಲಿನ ಝೆರಾಕ್ಸ್ ಸಹಿತ ಉತ್ತರ ಕೊಡಿ. ಮೂಲ ಬಿಲ್ ಮಾತ್ರ ನಿಮ್ಮ ಹತ್ತಿರವೇ ಇರಲಿ.

ಇಂತಿ,
ಬೆಲ್ಲ ತಯಾರಿಸುವ ಮತ್ತು ಮಾರುವ ಕೆಲವರು
ಮಹಾಲಿಂಗಪುರ, ಬಾಗಲಕೋಟೆ ಜಿಲ್ಲೆ